ನಲವತ್ತೊಂದು ಹೆಸರು

ಭಾಲ್ಕಿಯ ಕಾಲೇಜಿನ ಕೆಲಸ ಬಿಟ್ಟ ಇಪ್ಪತ್ತಮೂರನೆಯ ದಿನ ಉಜ್ವಲಾಗೆ ಅಲ್ಲಿಂದ ಫೋನ್ ಬಂತು. ಆಗ ಅವಳು ಬೀದರದ ಮೈಲೂರಿನ ಮನೆಯ ಹಿಂದೆ ತಾಯಿಯ ಸೀರೆ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಳು. ಒದ್ದೆ ಕೈ ಒರೆಸಿಕೊಂಡು ನೋಡಿದರೆ ಸಿದ್ದೇಶ್ವರಿಯ ಹೆಸರು.

ಸಿದ್ದೇಶ್ವರಿ ಆ ಕಾಲೇಜಿನ ಕಚೇರಿಯಲ್ಲಿ ಕ್ಲರ್ಕು. ಉಜ್ವಲಾಗಿಂತ ಎಂಟು ಹತ್ತು ವರ್ಷ ದೊಡ್ಡವಳು. ಒಂಬತ್ತು ವರ್ಷ ಇಬ್ಬರೂ ಬೀದರ ಸ್ಟೇಷನ್ನಿನಲ್ಲಿ ಒಂದೇ ಡಬ್ಬಿ ಹತ್ತಿ ಭಾಲ್ಕಿಗೆ ಹೋಗಿ ಬಂದವರು. ಇವಳ ಬುತ್ತಿಯ ರೊಟ್ಟಿ ಅವಳಿಗೆ, ಅವಳ ಬುತ್ತಿಯ ಶೇಂಗಾ ಹಿಂಡಿ ಇವಳಿಗೆ. ಅಂಥವಳ ಫೋನು ಇಪ್ಪತ್ತಮೂರು ದಿನದಲ್ಲಿ ಇದೇ ಮೊದಲು.

"ಉಜ್ಜೂ, ನೀ ಹೋಗಾಗ ರೂಟರನಾಗ ಏನರ ಅಳಿಸಿ ಹೋಗೀಯೇನ?"

ಹ್ಯಾಂಗಿದ್ದಿ ಎಂಬ ಮಾತಿಲ್ಲ, ಅವ್ವ ಹ್ಯಾಂಗಿದ್ದಾಳ ಎಂಬ ಮಾತಿಲ್ಲ. ಉಜ್ವಲಾ ಕೇಳಿದಳು, "ಯಾಕಕ್ಕಾ, ಏನಾಯ್ತು?"

"ಎಲ್ಲಾ ಬಂದ್ ಬಿದ್ದಾದ. ಒಂದ್ ಮಶೀನಿಗಿ ಒಂದು ಸಿಗವಲ್ದು. ಇಂಟರ್ನಲ್ ಮಾರ್ಕ್ಸ್ ನಾಳಿ ಸಂಜಿತನ ಯುನಿವರ್ಸಿಟಿಗಿ ಹಾಕಬೇಕು. ಇದು ನಿಂದೇ ಕೆಲಸ ಅಂತ ಸೆಕ್ರೆಟರಿ ಸಾಹೇಬ್ರು ಕುಂತಾರ. ಪೊಲೀಸರಿಗಿ ಅರ್ಜಿ ಬರಸ್ಲಾಕ ಹತ್ಯಾರ. ನೀ ಜಲ್ದಿ ಬಂದ್ಬಿಡು."

"ಅರ್ಜಿ ಯಾರ ಬರೀಲಾಕ ಹತ್ಯಾರ?"

ಆ ಕಚೇರಿಯಲ್ಲಿ ಟೈಪು ಮಾಡುವವಳು ಒಬ್ಬಳೇ. ಫೋನು ಕಟ್ಟಾಯಿತು.

ಉಜ್ವಲಾ ಆ ಕಾಲೇಜು ಸೇರಿ ಹನ್ನೊಂದು ವರ್ಷವಾಗಿತ್ತು. ಬೀದರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಪ್ರಯೋಗಾಲಯದ ಸಹಾಯಕಿಯಾಗಿ ಹೋದವಳು. ವರ್ಷವರ್ಷವೂ ಕರಾರು, ಜೂನ್ ಬಂದರೆ ಹೊಸ ಕಾಗದಕ್ಕೆ ಸಹಿ. ಆಗ ಅಲ್ಲಿ ಇದ್ದದ್ದು ಹನ್ನೆರಡು ಕಂಪ್ಯೂಟರು. ಹೋಗುತ್ತಾ ಹೋಗುತ್ತಾ ಪ್ರಿಂಟರೂ ಸೇರಿ ನಲವತ್ತೊಂದಾದವು. ಹಾಜರಿ ಇಡುವುದು ಒಂದರಲ್ಲಿ, ಅಂಕ ಇಡುವುದು ಇನ್ನೊಂದರಲ್ಲಿ, ಗ್ರಂಥಾಲಯದ್ದು ಬೇರೆ, ಎಲ್ಲರೂ ಮುದ್ರಿಸುವ ಪ್ರಿಂಟರು ಬೇರೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅದರ ನಂಬರು ಗೊತ್ತಿರಬೇಕು. ಆ ನಂಬರು ಕೊಡುವುದು ಗೋಡೆಯ ಮೇಲಿನ ರೂಟರು. ಮೊದಲು ಎದ್ದವರಿಗೆ ಮೊದಲ ನಂಬರು ಎಂಬಂತೆ ಅದು ಹಂಚಿಕೊಡುತ್ತದೆ. ಭಾಲ್ಕಿಯಲ್ಲಿ ಕರೆಂಟು ದಿನಕ್ಕೆ ಎರಡು ಸಲ ಹೋಗಿ ಬರುವುದು. ಬಂದಾಗಲೆಲ್ಲ ಯಾವುದು ಮೊದಲು ಎದ್ದಿತೋ, ಯಾವುದಕ್ಕೆ ಯಾವ ನಂಬರು ಬಂದಿತೋ, ದೇವರಿಗೇ ಗೊತ್ತು. ಉಪನ್ಯಾಸಕರು ನಂಬರು ಬರೆದ ಚೀಟಿ ಗೋಡೆಗೆ ಅಂಟಿಸಿಕೊಂಡಿರುತ್ತಿದ್ದರು. ಬೆಳಗಾದರೆ ಚೀಟಿ ಸುಳ್ಳಾಗಿರುತ್ತಿತ್ತು. ಒಮ್ಮೆ ಭೂಗೋಳದ ಮಾಸ್ತರರು ಹಾಜರಿ ಮಶೀನೆಂದು ತಿಳಿದು ಗ್ರಂಥಾಲಯದ ಮಶೀನಿಗೆ ಇಡೀ ತಿಂಗಳ ಹಾಜರಿ ಕಳಿಸಿದ್ದರು. ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಹದಿನೇಳು ವಿದ್ಯಾರ್ಥಿಗಳು ಗೈರು ಎಂದು ನೋಟಿಸು ಬೋರ್ಡಿಗೆ ಬಿದ್ದಾಗಿತ್ತು.

ಇದನ್ನು ಸರಿ ಮಾಡು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅವಳಿಗೇ ಸಹಿಸಲಾಗಲಿಲ್ಲ. ಮೊದಲು ಪ್ರತಿ ಮಶೀನಿನ ಒಳಗೂ ಒಂದು ಪಟ್ಟಿ ಬರೆದಿಟ್ಟಳು, ಈ ಹೆಸರಿಗೆ ಈ ನಂಬರು ಎಂದು. ಎರಡು ವಾರ ನಡೆಯಿತು. ಆಮೇಲೆ ಒಂದು ಮಶೀನು ಕೆಟ್ಟು ಹೊಸದು ಬಂತು. ಆ ಒಂದು ಸಾಲು ತಿದ್ದಲು ಎಲ್ಲ ಕೋಣೆ ತಿರುಗಿ ಎಲ್ಲ ಪಟ್ಟಿ ಬಿಚ್ಚಬೇಕಾಯಿತು. ದೀಪಾವಳಿ ರಜೆಯಲ್ಲಿ ಕೂತು ಓದಿದಳು, ಮೊಬೈಲಿನಲ್ಲಿ ನೋಡಿದಳು, ತಪ್ಪಿದಳು, ಮತ್ತೆ ಮಾಡಿದಳು. ಕೊನೆಗೆ ತಿಳಿಯಿತು: ಪಟ್ಟಿ ಇರಬೇಕಾದದ್ದು ಒಂದೇ ಕಡೆ, ರೂಟರಿನ ಒಳಗೆ. ಪ್ರತಿ ಮಶೀನಿಗೂ ಕಾರ್ಖಾನೆಯಲ್ಲೇ ಕೊಟ್ಟ ಒಂದು ಗುರುತು ಇರುತ್ತದೆ. ಆ ಗುರುತಿನದು ಬಂದರೆ ಎಂದೆಂದಿಗೂ ಇದೇ ನಂಬರು ಕೊಡು ಎಂದು ರೂಟರಿಗೆ ಹೇಳಿಡಬಹುದು. ಆ ನಂಬರಿಗೊಂದು ಹೆಸರೂ ಇಡಬಹುದು. ಮುಂದೆ ಯಾವ ಮಶೀನು ಆ ಹೆಸರು ಹಿಡಿದು ಕೇಳಿದರೂ ರೂಟರು ತನ್ನ ಪಟ್ಟಿ ನೋಡಿ ದಾರಿ ತೋರಿಸುತ್ತದೆ. ಹೊರಗಿನ ಇಂಟರ್ನೆಟ್ ಸತ್ತುಬಿದ್ದಿದ್ದರೂ ಕಾಲೇಜಿನ ಒಳಗಿನ ಹೆಸರುಗಳು ನಡೆಯುತ್ತವೆ.

ಹೆಸರುಗಳನ್ನು ಅವಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದಲ್ಲೇ ಇಟ್ಟಳು. ಹಾಜರಿ, ಅಂಕ, ಪುಸ್ತಕ, ಮುದ್ರಣ. ಪ್ರತಿ ಹೆಸರಿನ ಬಾಲಕ್ಕೂ ಒಂದು ಮನೆತನದ ಹೆಸರಿನಂಥದು ಬೇಕಾಗುತ್ತದೆ. ಅದಕ್ಕೆ ಅವಳು 'ಸಾಲಿ' ಎಂದು ಕೊಟ್ಟಳು, ಶಾಲೆಗೆ ಈ ಕಡೆಯ ಮಾತು. ಅಂಕ ಚುಕ್ಕಿ ಸಾಲಿ ಎಂದು ಹೊಡೆದರೆ ಅಂಕದ ಮಶೀನು ತೆರೆದುಕೊಳ್ಳುವುದು. ಭೂಗೋಳದ ಮಾಸ್ತರರು ಮೊದಲ ಸಲ ಅದನ್ನು ತಾವೇ ಹೊಡೆದು ನೋಡಿ ಮಗುವಿನಂತೆ ನಕ್ಕರು. ಗೋಡೆಯ ಚೀಟಿಗಳೆಲ್ಲ ಒಂದೊಂದಾಗಿ ಉದುರಿದವು.

ಹೋದ ವರ್ಷ ಕಾಲೇಜಿನ ದರ್ಜೆ ನೋಡಲು ಹೊರಗಿನ ತಂಡ ಬಂತು. ಅವರಲ್ಲಿ ಒಬ್ಬ ಹಿರಿಯರು ಕಂಪ್ಯೂಟರಿನ ಮುಂದೆ ಕೂತು ಹೆಸರುಗಳನ್ನು ಒಂದೊಂದಾಗಿ ಹೊಡೆದು ನೋಡಿದರು. ತಾಲೂಕಿನ ಕಾಲೇಜಿನಲ್ಲಿ ಇಷ್ಟು ಅಚ್ಚುಕಟ್ಟು ನೋಡಿರಲಿಲ್ಲ ಎಂದರು. ಇದು ಯಾರು ಮಾಡಿದ್ದು ಎಂದೂ ಕೇಳಿದರು. ಸೆಕ್ರೆಟರಿ ಮಡೆಪ್ಪನವರು ಕೈಮುಗಿದು, "ನಮ್ಮ ಹುಡುಗ್ರು ಮಾಡ್ಯಾರ್ರೀ ಸರ್, ಎಲ್ಲಾ ಕಾಯಕ," ಎಂದರು. ಉಜ್ವಲಾ ಬಾಗಿಲ ಬಳಿ ಚಹಾದ ತಟ್ಟೆಗಳಿಗೆ ಜಾಗ ಮಾಡಿಕೊಡುತ್ತ ನಿಂತಿದ್ದಳು.

ದರ್ಜೆ ಸಿಕ್ಕಿತು. ಕಂಪ್ಯೂಟರುಗಳ ಈ ಜಾಲ ನೋಡಿಕೊಳ್ಳಲು ಒಂದು ಕಾಯಂ ಹುದ್ದೆ ಬೇಕೆಂದು ತಂಡ ಬರೆದುಹೋಗಿತ್ತು. ಸಂಸ್ಥೆ ಹುದ್ದೆ ಮಾಡಿತು, ಸಂದರ್ಶನವೂ ಆಯಿತು. ಹುದ್ದೆ ಸಿಕ್ಕಿದ್ದು ಮಡೆಪ್ಪನವರ ಅಣ್ಣನ ಮಗ ಪ್ರವೀಣಕುಮಾರನಿಗೆ. ಇಪ್ಪತ್ನಾಲ್ಕರ ಹುಡುಗ, ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದ. ಕೆಟ್ಟವನೇನಲ್ಲ, ಮೇಡಂ ಮೇಡಂ ಎಂದೇ ಮಾತಾಡುತ್ತಿದ್ದ. "ನೀ ಅವನಿಗಿ ಜರಾ ತೋರ್ಸಿಕೊಡವ್ವಾ, ನಿನಗೇನ್ ನಾವು ಬಿಡ್ತೀವೇನು?" ಎಂದು ಮಡೆಪ್ಪನವರು ಹೇಳಿದರು. ಅವಳು ಒಂದು ತಿಂಗಳು ತೋರಿಸಿಕೊಟ್ಟಳು. ಜೂನ್ ಬಂತು. ಒಂದು ಕೆಲಸಕ್ಕೆ ಇಬ್ಬರು ಬೇಡವೆಂದು ಕರಾರಿನ ಕಾಗದ ಬರಲಿಲ್ಲ.

ಕೊನೆಯ ದಿನ ಅವಳು ರೂಟರಿನ ಪಟ್ಟಿಯ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಳಿಸಿದಳು. ಏನಾದರೂ ಆದರೆ ಆ ಒಂದು ಕಡತ ಹಾಕಿದರೆ ಸಾಕು, ಐದು ನಿಮಿಷದಲ್ಲಿ ಎಲ್ಲ ಮೊದಲಿನಂತಾಗುತ್ತದೆ. ಅದರ ಜೊತೆ ಪಾಸ್‌ವರ್ಡು, ನಲವತ್ತೊಂದು ಹೆಸರು, ನಂಬರು ಬರೆದ ಹಾಳೆಗಳನ್ನು ಒಂದು ಲಕೋಟೆಗೆ ಹಾಕಿ ಕಚೇರಿಯಲ್ಲಿ ಸಿದ್ದೇಶ್ವರಿಯ ಕೈಗೆ ಕೊಟ್ಟಳು. ಮುಟ್ಟಿತು ಎಂದು ಒಂದು ಸಹಿ ಹಾಕಿಕೊಡು ಎಂದರೆ ಸಿದ್ದೇಶ್ವರಿ ಅವಳ ಕೈ ಹಿಡಿದುಕೊಂಡು ಅತ್ತಳು. "ನನಗೂ ನಿನಗೂ ಸಹಿ ಏನ ಉಜ್ಜೂ? ನಾ ಇದ್ದೇನಲ್ಲ." ಉಜ್ವಲಾಗೂ ಕಣ್ಣೀರು ಬಂತು. ಸಹಿಯ ಮಾತು ಅಲ್ಲಿಗೇ ಬಿಟ್ಟಳು.

ಫೋನು ಬಂದ ದಿನ ತಾಯಿ ಅನುಸೂಯಾಬಾಯಿ ಇದನ್ನೆಲ್ಲ ಕೇಳಿ ತಲೆ ಬಡಿದುಕೊಂಡಳು. ಮೂವತ್ತು ವರ್ಷ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದವಳು, ಒಂದು ಡಬ್ಬಿ ಬೇಳೆ ಕೊಟ್ಟರೂ ಸಹಿ ತೆಗೆದುಕೊಂಡವಳು. "ಹೋಗಬ್ಯಾಡ. ಅವರೇ ಕೆಡಿಸ್ಕೊಂಡಾರ, ಅವರೇ ಮಾಡ್ಕೊಳ್ಳಿ."

"ಹೋಗದಿದ್ರ ನಾನೇ ಮಾಡೀನಂತ ಆಗ್ತದವ್ವಾ."

"ಹೋದ್ರ?"

ಉಜ್ವಲಾ ಮರುದಿನ ಬೆಳಿಗ್ಗೆ ರೈಲು ಹತ್ತಿದಳು. ಸಿದ್ದೇಶ್ವರಿ ಎಂದಿನ ಡಬ್ಬಿಯಲ್ಲಿ ಇರಲಿಲ್ಲ. ಹಿಂದಿನ ಡಬ್ಬಿಯಿಂದ ಭಾಲ್ಕಿಯಲ್ಲಿ ಇಳಿದು ತಲೆ ತಗ್ಗಿಸಿಕೊಂಡು ಮುಂದೆ ಮುಂದೆ ನಡೆದು ಹೋದದ್ದನ್ನು ಉಜ್ವಲಾ ನೋಡಿದಳು.

ಸೆಕ್ರೆಟರಿಯ ಕೋಣೆಯಲ್ಲಿ ಮಡೆಪ್ಪನವರು, ಪ್ರಾಚಾರ್ಯರು, ಪ್ರವೀಣಕುಮಾರ, ಮೂರು ನಾಲ್ಕು ಉಪನ್ಯಾಸಕರು ಕೂತಿದ್ದರು. ಸಿದ್ದೇಶ್ವರಿ ಕಡತ ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಉಜ್ವಲಾಗೆ ಕೂತುಕೋ ಎಂದು ಯಾರೂ ಹೇಳಲಿಲ್ಲ.

"ಹೋಗಾಗ ಏನ್ ಮಾಡಿ ಹೋದಿ?" ಮಡೆಪ್ಪನವರು ಕೇಳಿದರು.

"ಏನೂ ಮಾಡಿಲ್ರಿ. ಯಾವಾಗಿನಿಂದ ಹಿಂಗಾಗ್ಯಾದ್ರಿ?"

"ಶುಕ್ರವಾರದಿಂದ," ಎಂದರು ಪ್ರಾಚಾರ್ಯರು. "ಇಂಟರ್ನೆಟ್ ಸೈತ ಹೋಗಿತ್ತು. ಲೈನಿನವ ಬಂದು ಅದೊಂದು ಸರಿ ಮಾಡಿ ಹೋದ. ಒಳಗಿನ ಹೆಸರು ಒಂದೂ ಬರವಲ್ದು."

ಉಜ್ವಲಾ ಅಪ್ಪಣೆ ಕೇಳಿ ಪ್ರಯೋಗಾಲಯಕ್ಕೆ ಹೋದಳು. ಎಲ್ಲರೂ ಹಿಂದೆ ಬಂದರು. ಮಶೀನಿನ ಮುಂದೆ ಕೂತು ರೂಟರಿನ ಪುಟ ತೆರೆದಳು. ಅವಳ ಪಾಸ್‌ವರ್ಡು ನಡೆಯಲಿಲ್ಲ. ರೂಟರಿನ ಅಡಿಯಲ್ಲಿ ಅಚ್ಚು ಹಾಕಿದ, ಹೊಸ ಡಬ್ಬಿಯೊಡನೆ ಬರುವ ಪಾಸ್‌ವರ್ಡು ನಡೆಯಿತು. ಒಳಗೆ ಹೆಸರಿನ ಪಟ್ಟಿ ಖಾಲಿ. ನಂಬರು ಕಟ್ಟಿಟ್ಟ ಪಟ್ಟಿ ಖಾಲಿ. ರೂಟರು ಇವತ್ತೇ ಅಂಗಡಿಯಿಂದ ಬಂದಂತಿತ್ತು.

ಅವಳು ಎದ್ದು ಗೋಡೆಯ ಹಲಗೆಯ ಕೆಳಗೆ ಸ್ಟೂಲು ಎಳೆದುಕೊಂಡು ಹತ್ತಿದಳು. ರೂಟರಿನ ಮೇಲೆಲ್ಲ ಧೂಳು. ಹಿಂಬದಿಯಲ್ಲಿ ಸಣ್ಣ ತೂತಿನ ಸುತ್ತ ಮಾತ್ರ ಬೆರಳಾಡಿದ ಗುರುತು. ಪಕ್ಕದಲ್ಲೇ ನೆಟ್ಟಗೆ ಮಾಡಿದ ಕಾಗದದ ಪಿನ್ನು ಬಿದ್ದಿತ್ತು. ಅದನ್ನು ತೆಗೆದುಕೊಂಡು ಇಳಿದಳು.

"ಇದು ದೂರ ಕುಂತು ಮಾಡೋ ಕೆಲಸ ಅಲ್ರಿ ಸಾಹೇಬ್ರ. ಈ ತೂತಿನಾಗ ಪಿನ್ನ ಹಾಕಿ ಹತ್ತು ಸೆಕೆಂಡ ಒತ್ತಿ ಹಿಡೀಬೇಕು. ಆಗ ಒಳಗ ಬರೆದದ್ದೆಲ್ಲಾ ಹೋಗ್ತದ. ಶುಕ್ರವಾರ ನಾ ಬೀದರದಾಗ ಮನ್ಯಾಗ ಇದ್ದೆ." ಪಿನ್ನನ್ನು ಮೇಜಿನ ಮೇಲೆ ಇಟ್ಟಳು. "ಯಾರು ಒತ್ಯಾರ ಅವರಿಗಿ ಗೊತ್ತದ."

ಪ್ರವೀಣಕುಮಾರನ ಕಿವಿ ಕೆಂಪಾದವು. ಭೂಗೋಳದ ಮಾಸ್ತರರು ಅವನನ್ನು ನೋಡಿ, ಆಮೇಲೆ ಕಿಟಕಿ ನೋಡಿದರು. ಕೋಣೆಯಲ್ಲಿದ್ದ ಎಲ್ಲರಿಗೂ ಆ ಕ್ಷಣಕ್ಕೆ ತಿಳಿದುಹೋಯಿತು.

ಮಡೆಪ್ಪನವರು ಪಿನ್ನನ್ನು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದರು. "ಪಿನ್ನ ಎಲ್ಲಿ ಬೇಕಾದಲ್ಲಿ ಬಿದ್ದಿರ್ತಾವ. ಪಾಸ್‌ವರ್ಡ ಕೊಡ್ಲಾರ್ದ, ಪಟ್ಟಿ ಕೊಡ್ಲಾರ್ದ ಹೋದಾಕಿ ನೀನು. ಹುಡುಗ ಏನ್ ಮಾಡ್ಬೇಕು?"

"ಎಲ್ಲಾ ಕೊಟ್ಟೀನ್ರಿ. ಲಕೋಟಿದಾಗ ಹಾಕಿ ಕೊಟ್ಟೀನಿ. ಪಾಸ್‌ವರ್ಡ, ಹಾಳಿ, ಪೆನ್‌ಡ್ರೈವ್."

"ಯಾರ ಕೈಯಾಗ?"

ಉಜ್ವಲಾ ತಿರುಗಿ ನೋಡಿದಳು. "ಅಕ್ಕಾ, ಹೇಳು."

ಸಿದ್ದೇಶ್ವರಿ ಕಡತವನ್ನು ಎದೆಗೆ ಒತ್ತಿಕೊಂಡಿದ್ದಳು. ಅವಳ ತುಟಿ ಅಲುಗಿದವು. ಮಡೆಪ್ಪನವರು ಅವಳ ಕಡೆ ನೋಡಲೂ ಇಲ್ಲ. ನೋಡುವ ಅಗತ್ಯ ಅವರಿಗಿರಲಿಲ್ಲ.

"ನನಗ ನೆಪ್ಪಿಲ್ರಿ," ಎಂದಳು ಸಿದ್ದೇಶ್ವರಿ.

"ಅಕ್ಕಾ, ನಿನ್ನ ಕೈಯಾಗ ಕೊಟ್ಟೀನಿ. ನೀ ಅತ್ತಿದ್ದಿ."

"ಲಕೋಟಿ ಅಂತೂ ನಾ ನೋಡಿಲ್ರಿ ಸಾಹೇಬ್ರ."

ಮಡೆಪ್ಪನವರು ಕಡತ ತೆಗೆದುಕೊಂಡು ಅರ್ಜಿಯ ಹಾಳೆ ಉಜ್ವಲಾ ಮುಂದೆ ಹಿಡಿದರು. ಸಾಕ್ಷಿ ಎಂದಿದ್ದ ಕಡೆ ಸಿದ್ದೇಶ್ವರಿಯ ದುಂಡು ಸಹಿ. ಆ ಸಹಿಯನ್ನು ಉಜ್ವಲಾ ಒಂಬತ್ತು ವರ್ಷ ರಜೆ ಚೀಟಿಗಳ ಮೇಲೆ ನೋಡಿದ್ದಳು. ಕೊನೆಯ ದಿನ ಸದರಿಯವರು ಏನನ್ನೂ ಒಪ್ಪಿಸದೆ, ಯಂತ್ರದ ಮುಂದೆ ಬಹಳ ಹೊತ್ತು ಕೂತು ಏನನ್ನೋ ಅಳಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಎಂದು ಬರೆದಿತ್ತು.

"ಹನ್ನೊಂದ್ ವರ್ಷ ಅನ್ನ ಹಾಕೀವಿ," ಎಂದರು ಮಡೆಪ್ಪನವರು. "ನಿಮ್ಮ ಮಂದಿಗಿ ಒಳಗ ಬಿಟ್ಟುಕೊಂಡಿದ್ದಕ್ಕ ಇದೇನು?"

ಆ ಮಾತು ಬಿದ್ದ ಮೇಲೆ ಎಲ್ಲರೂ ನೆಲ ನೋಡಿದರು. ಅವರ ಹಿಂದೆ ಗೋಡೆಯ ಮೇಲೆ ಬಸವಣ್ಣನವರ ಪಟ, ಅದಕ್ಕೆ ಆ ದಿನದ ತಾಜಾ ಹೂವಿನ ಹಾರ. ಉಜ್ವಲಾಗೆ ಕಾಲಿನಿಂದ ತಲೆಯವರೆಗೆ ಬೆಂಕಿ ಹತ್ತಿದಂತಾಯಿತು. ಹೊರಟು ಹೋಗಬಹುದಿತ್ತು. ಆದರೆ ಅರ್ಜಿ ಆ ಹಾಳೆಯಲ್ಲಿತ್ತು, ಸಹಿ ಅದರ ಮೇಲಿತ್ತು. ಠಾಣೆಯಲ್ಲಿ ರೂಟರಿನ ತೂತಿನ ಕಥೆಯನ್ನು ಯಾರು ಕೂತು ಕೇಳುತ್ತಾರೆ ಎಂಬುದೂ ಅವಳಿಗೆ ಗೊತ್ತಿತ್ತು.

"ನಾ ಸರಿ ಮಾಡಿಕೊಡ್ತೇನಿ," ಎಂದಳು. "ನೀವು ಈ ಅರ್ಜಿ ಹರೀಬೇಕು. ಈ ಕೆಲಸ ನಾನೇ ಮಾಡೀನಂತ ಅನುಭವದ ಪತ್ರ ಕೊಡಬೇಕು. ಔರಾದದಾಗ ಒಂದು ಕಡಿ ಕೇಳೀನಿ, ಅವರು ಪತ್ರ ತರ್ರಿ ಅಂದಾರ."

"ಮೊದಲ ಮಾಡು. ಸಂಜಿತನ ಟೈಮ್ ಅದ."

ಪೆನ್‌ಡ್ರೈವ್ ಇದ್ದಿದ್ದರೆ ಐದು ನಿಮಿಷದ ಕೆಲಸ. ಈಗ ಒಂದೊಂದು ಮಶೀನಿನ ಮುಂದೆ ಕೂತು ಅದರ ಗುರುತು ಓದಬೇಕು, ಬರೆದುಕೊಳ್ಳಬೇಕು, ಬಂದು ರೂಟರಿನಲ್ಲಿ ತುಂಬಬೇಕು. ಗುರುತು ಎಂದರೆ ಹನ್ನೆರಡು ಅಕ್ಷರ ಅಂಕಿಗಳ ಸಾಲು; ಒಂದು ತಪ್ಪಿದರೂ ಆ ಹೆಸರು ಯಾರಿಗೂ ಸಿಗುವುದಿಲ್ಲ. ಹೆಸರುಗಳು ಮಾತ್ರ ಅವಳಿಗೆ ಬಾಯಿಪಾಠವಿದ್ದವು. ಯಾವ ಹಾಳೆಯೂ ಬೇಕಿರಲಿಲ್ಲ. ಕೆಳಗಿನ ಮಹಡಿಯಿಂದ ಶುರು ಮಾಡಿದಳು. ಪ್ರವೀಣಕುಮಾರ ವಹಿ ಹಿಡಿದು ಹಿಂದೆ ಬಂದ. ಅವಳು ಓದುವುದು, ಅವನು ಬರೆಯುವುದು.

ಗ್ರಂಥಾಲಯದಲ್ಲಿ ಯಾರೂ ಇಲ್ಲದ ಹೊತ್ತು ಅವನು ಮೆಲ್ಲಗೆ ಹೇಳಿದ, "ಪಾಸ್‌ವರ್ಡ ಮರ್ತಿದ್ದೆ ಮೇಡಂ. ಲಕೋಟಿ ಅಕ್ಕಾರು ನನಗ ಕೊಟ್ಟಿದ್ರು. ಹಾಳಿ ಎಲ್ಲೋ ಹೋದ್ವು. ಪೆನ್‌ಡ್ರೈವನಾಗ ಪಿಕ್ಚರ್ ಹಾಕ್ಕೋಬೇಕಂತ ಅದರಾಗಿಂದು ಅಳಿಸ್ದೆ. ತೂತ ಒತ್ತಿದ್ರ ಪಾಸ್‌ವರ್ಡ ಅಷ್ಟೇ ಹೋಗ್ತದ ಅಂತ ತಿಳ್ಕೊಂಡಿದ್ದೆ. ನಾ ಹೇಳ್ಬೇಕಂದೆ, ಕಾಕಾ ಬಾಯಿ ಮುಚ್ಚು ಅಂದ್ರು."

ಉಜ್ವಲಾ ಬಗ್ಗಿ ಮಶೀನಿನ ಗುರುತು ಓದುತ್ತಿದ್ದವಳು ತಲೆ ಎತ್ತಿದಳು. "ಈಗ ಹೇಳ್ರಿ. ನಡೀರಿ, ಅವರ ಮುಂದ ಹೇಳೋಣ."

ಅವನು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡಿದ. "ಈಗ ಎಲ್ಲಾ ಸರಿ ಆಗ್ಲಾಕ ಹತ್ಯಾದಲ್ರಿ ಮೇಡಂ," ಎಂದ.

ಅವಳು ಮತ್ತೆ ಬಗ್ಗಿ ಮುಂದಿನ ಸಾಲು ಓದಿದಳು.

ಊಟದ ಹೊತ್ತಿಗೆ ಹತ್ತೊಂಬತ್ತಾದವು. ಊಟಕ್ಕೆ ಯಾರೂ ಕರೆಯಲಿಲ್ಲ, ಅವಳೂ ಹೋಗಲಿಲ್ಲ. ನಡುವೆ ಕರೆಂಟು ಹೋಗಿ ಅರ್ಧ ತಾಸು ಸುಮ್ಮನೆ ಕೂರಬೇಕಾಯಿತು. ನಾಲ್ಕರ ಸುಮಾರಿಗೆ ಕೊನೆಗೆ ಪ್ರಿಂಟರಿನ ಗುರುತು ತುಂಬಿ, ಎಲ್ಲವನ್ನೂ ಒಮ್ಮೆ ಆರಿಸಿ ಹಚ್ಚಿಸಿದಳು. ಅಂಕ ಚುಕ್ಕಿ ಸಾಲಿ ಎಂದು ಹೊಡೆದಳು. ಅಂಕದ ಮಶೀನು ತೆರೆದುಕೊಂಡಿತು. ಪ್ರಾಚಾರ್ಯರು ಓಡಿಹೋಗಿ ಉಪನ್ಯಾಸಕರನ್ನು ಕರೆದುಕೊಂಡು ಬಂದರು. ಅಂಕಗಳು ಯುನಿವರ್ಸಿಟಿಗೆ ಹೋಗತೊಡಗಿದವು.

ಮಡೆಪ್ಪನವರು ಬಂದು ಅವಳ ಹಿಂದೆ ನಿಂತು ಪರದೆ ನೋಡಿದರು. "ಈ ಸಾಲಿ ಅಂದ್ರೇನು ಎಲ್ಲಾ ಕಡಿ?"

"ಹೆಸರಿನ ಕೊನಿಗಿ ಒಂದು ಬೇಕಾಗ್ತದ್ರಿ. ಮೊದಲಿಂದೂ ಅದೇ ಅದ."

"ಹಳ್ಳಿ ಮಾತು ಅದು. ಕಾಲೇಜಿಗಿ ಶೋಭಾ ಇಲ್ಲ. ಹೆಂಗೂ ಕುಂತೀಯಲ್ಲ, ತೆಗೆದು ಅಪ್ಪಾರ ಹೆಸರ ಹಾಕು. ಗುರುಪಾದಪ್ಪ."

ನಲವತ್ತೊಂದು ಕಡೆ ತಿದ್ದಬೇಕಿರಲಿಲ್ಲ. ಬಾಲದ ಹೆಸರಿಗೆ ರೂಟರಿನಲ್ಲಿ ಒಂದೇ ಜಾಗ. ಅವಳು ಅದನ್ನು ಅಳಿಸಿ ಸಂಸ್ಥಾಪಕರ ಹೆಸರು ಹೊಡೆದು ಉಳಿಸಿದಳು. ಅರ್ಧ ನಿಮಿಷ ಹಿಡಿಯಿತು.

ಅರ್ಜಿಯನ್ನು ಅವಳ ಮುಂದೆಯೇ ಹರಿದರು. ಅದೊಂದು ಮಾತು ಉಳಿಸಿಕೊಂಡರು. ಆಮೇಲೆ ಸಿದ್ದೇಶ್ವರಿ ಅಂಟಿಸಿದ ಲಕೋಟೆ ತಂದು ಮೇಜಿನ ಮೇಲಿಟ್ಟು, ಮುಖ ನೋಡದೆ ಹೋದಳು. ಉಜ್ವಲಾ ಅಲ್ಲೇ ಒಡೆದು ಓದಬೇಕಿತ್ತು. ಆದರೆ ಆ ಕಟ್ಟಡದಲ್ಲಿ ಇನ್ನೊಂದು ಗಳಿಗೆ ಇರುವುದೂ ಅವಳಿಗೆ ಬೇಡವಾಗಿತ್ತು. ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತು ಒಡೆದಳು.

ಕುಮಾರಿ ಉಜ್ವಲಾ ಇವರು ನಮ್ಮ ಮಹಾವಿದ್ಯಾಲಯದಲ್ಲಿ ಹನ್ನೊಂದು ವರ್ಷಗಳ ಕಾಲ, ಜಾಲ ಆಡಳಿತಾಧಿಕಾರಿಗಳಾದ ಶ್ರೀ ಪ್ರವೀಣಕುಮಾರ ಇವರ ಮಾರ್ಗದರ್ಶನದಲ್ಲಿ ಸಹಾಯಕಿಯಾಗಿ ಕೆಲಸ ನಿರ್ವಹಿಸಿರುತ್ತಾರೆ. ಇವರ ನಡತೆ ತೃಪ್ತಿಕರವಾಗಿರುತ್ತದೆ.

ಅವಳು ಎರಡು ಸಲ ಓದಿದಳು. ಹನ್ನೊಂದು ವರ್ಷದ ಹಿಂದೆ ಪ್ರವೀಣಕುಮಾರ ಎಂಟನೆಯ ಇಯತ್ತೆಯಲ್ಲಿದ್ದ.

ರೈಲು ಬಂತು. ಜನ ಬಹಳವಿದ್ದರು. ಕಿಟಕಿಯ ಪಕ್ಕ ಜಾಗ ಸಿಕ್ಕಿ ಕೂತ ಮೇಲೆ ನೋಡಿದರೆ ಎದುರಿಗೆ ನೂಕುನುಗ್ಗಲಿನಲ್ಲಿ ಬಂದು ಕೂತವಳು ಸಿದ್ದೇಶ್ವರಿ. ಬೇಕೆಂದೇ ಬಂದಳೋ, ಜಾಗ ಅಲ್ಲೇ ಸಿಕ್ಕಿತೋ. ರೈಲು ಭಾಲ್ಕಿ ಬಿಟ್ಟು ಕಬ್ಬಿನ ಹೊಲಗಳ ನಡುವೆ ಬಂದ ಮೇಲೆ ಸಿದ್ದೇಶ್ವರಿ ಬಾಯಿ ತೆರೆದಳು.

"ಉಜ್ಜೂ, ನನ್ನ ಮ್ಯಾಲ ಸಿಟ್ಟಾಗಬ್ಯಾಡ. ಶಿವಾನಿಗಿ ಅವರದೇ ನರ್ಸಿಂಗ್ ಕಾಲೇಜಿನಾಗ ಸೀಟ ಕೊಟ್ಟಾರ. ಎರಡನೇ ವರ್ಷ ಅದ. ನಾ ಸಹಿ ಹಾಕಲ್ಲ ಅಂದ್ರ ನಾಳಿ ಪೋರಿ ಮನ್ಯಾಗ ಕೂಡ್ತದ. ನಾ ಏನ್ ಮಾಡ್ಲಿ, ನೀನೇ ಹೇಳು."

"ಏನೂ ಮಾಡಬ್ಯಾಡ್ರಿ ಮೇಡಂ."

ಸಿದ್ದೇಶ್ವರಿಯ ಮುಖ ಬಾಡಿತು. "ನನಗ ರೀ ಅಂತಿ?"

ಉಜ್ವಲಾ ಕಿಟಕಿಯ ಕಡೆ ತಿರುಗಿದಳು.

"ಪತ್ರದಾಗ ಹಂಗ ಬರೀಬ್ಯಾಡ್ರಿ ಅಂತ ನಾ ಹೇಳ್ದೆ. ಬಸವಣ್ಣನ ಆಣಿ, ಹೇಳ್ದೆ. ಅವರು ಕೇಳ್ಲಿಲ್ಲ."

"ನೀವು ಟೈಪ್ ಮಾಡೀರಿ. ತಪ್ಪೇನಿಲ್ಲ, ಅಕ್ಷರ ಎಲ್ಲಾ ಸರಿ ಅದಾವ."

ಸಿದ್ದೇಶ್ವರಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅತ್ತಳು. ಆ ಅಳು ಸುಳ್ಳಲ್ಲ ಎಂದು ಉಜ್ವಲಾಗೆ ಗೊತ್ತಿತ್ತು. ಲಕೋಟೆ ಕೊಟ್ಟ ದಿನದ ಅಳುವೂ ಸುಳ್ಳಾಗಿರಲಿಲ್ಲ. ಅದು ಗೊತ್ತಿದ್ದರಿಂದಲೇ ಒಳಗೆ ಇನ್ನಷ್ಟು ಕಹಿಯಾಯಿತು. ಸಮಾಧಾನದ ಒಂದು ಮಾತು ಆಡಿದ್ದರೆ ಹೆಂಗಸು ಹಗುರಾಗಿ ಮನೆಗೆ ಹೋಗುತ್ತಿದ್ದಳು. ಉಜ್ವಲಾ ಆಡಲಿಲ್ಲ. ಎದ್ದು ಬೇರೆ ಕಡೆ ಹೋಗಲು ಜಾಗವಿರಲಿಲ್ಲ. ಹಾಲಬರ್ಗಾ ಹೋಯಿತು, ಖಾನಾಪುರ ಹೋಯಿತು. ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಬೀದರದವರೆಗೆ ಹಾಗೆಯೇ ಕೂತರು.

ಮರುವಾರ ಅವಳು ಔರಾದಕ್ಕೆ ಹೋದಳು. ಅಲ್ಲಿ ಮುನವ್ವರ ಬೇಗಂ ಎಂಬ ಡಾಕ್ಟರು ಇನ್ನಿಬ್ಬರ ಜೊತೆ ಕೂಡಿ ಹೊಸ ಆಸ್ಪತ್ರೆ ತೆರೆದಿದ್ದರು. ರಕ್ತಪರೀಕ್ಷೆಗೆ, ಎಕ್ಸ್‌ರೇಗೆ, ಔಷಧಿಗೆ ಬೇರೆ ಬೇರೆ ಕಂಪ್ಯೂಟರು ಬಂದು ಡಬ್ಬಿಯಲ್ಲೇ ಇದ್ದವು. ಎಲ್ಲವನ್ನೂ ಒಂದಕ್ಕೊಂದು ಕೂಡಿಸಿ ನಡೆಸಲು ಒಬ್ಬರು ಬೇಕಿತ್ತು. ಡಾಕ್ಟರು ಅರ್ಧ ತಾಸು ಮಾತಾಡಿದರು. ಉಜ್ವಲಾ ಒಂದು ಹಾಳೆಯ ಮೇಲೆ ಗೆರೆ ಎಳೆದು, ಯಾವುದು ಎಲ್ಲಿ, ಯಾವುದಕ್ಕೆ ಏನು ಹೆಸರು, ಕರೆಂಟು ಹೋದರೆ ಏನಾಗುತ್ತದೆ ಎಂದು ತೋರಿಸಿಕೊಟ್ಟಳು. ಡಾಕ್ಟರ ಕಣ್ಣು ಅರಳಿದವು. ಆಮೇಲೆ ಪತ್ರ ಕೇಳಿದರು. ಓದಿದರು. ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು.

"ಇದರಾಗ ಅಸಿಸ್ಟೆಂಟ್ ಅಂತ ಅದಲ್ಲ, ಬೇಟಾ?"

ಉಜ್ವಲಾ ಹೇಳಲು ಹೊರಟಳು. ರೂಟರು, ಪಿನ್ನು, ಲಕೋಟೆ, ಸಹಿ. ಎಲ್ಲಿಂದ ಶುರು ಮಾಡಬೇಕೆಂದು ಮನಸ್ಸಿನಲ್ಲಿ ಹುಡುಕಿದಳು. ಎಲ್ಲಿಂದ ಹಿಡಿದರೂ ಕೊನೆಗೆ ಅದು, ಹಳೆಯ ಕಡೆ ಜಗಳ ಮಾಡಿಕೊಂಡು ಬಂದ ಹೆಂಗಸೊಬ್ಬಳ ಮಾತಿನಂತೆಯೇ ಕೇಳಿಸುತ್ತಿತ್ತು.

"ಕೆಲಸ ಎಲ್ಲಾ ನಾನೇ ಮಾಡೀನ್ರಿ," ಎಂದಷ್ಟೇ ಹೇಳಿದಳು.

"ನಾ ನಂಬತೀನಿ. ಮಗರ್ ಇನ್ನಿಬ್ರು ಪಾರ್ಟನರ್ ಕಾಗದ ನೋಡ್ತಾರ. ಕಾಗದದಾಗ ಇವರ ಕೈಕೆಳಗ ಅಂತ ಅದ. ಹಂಗೇ ಇತ್ತಲ್ಲ?"

ಕಿಟಕಿಯ ಹೊರಗೆ ಬೀದರದ ಬಸ್ಸು ಹಿಂದೆ ಸರಿಯುತ್ತ ಹಾರ್ನ್ ಹೊಡೆಯುತ್ತಿತ್ತು. ಅದು ನಿಲ್ಲುವವರೆಗೆ ಉಜ್ವಲಾ ಕಾದಳು.

"ಹೌದ್ರಿ," ಎಂದಳು.

ಮನೆ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಅನುಸೂಯಾಬಾಯಿ ಬಾಗಿಲಲ್ಲೇ ಕೂತಿದ್ದಳು.

"ಏನಂದ್ರು?"

"ತೊಗೊಂಡಾರ. ಸೋಮವಾರದಿಂದ ಬಾ ಅಂದಾರ."

"ಏನಂತ ತೊಗೊಂಡಾರ?"

"ಅಸಿಸ್ಟೆಂಟ್ ಅಂತ."

ತಾಯಿ ಅವಳ ಮುಖ ನೋಡಿದಳು. "ಯಾರಿಗಿ ಅಸಿಸ್ಟೆಂಟ್?"

ಉಜ್ವಲಾ ಚಪ್ಪಲಿ ಬಿಟ್ಟು, ಒಳಗೆ ಹೋಗಿ ತಂಬಿಗೆ ನೀರು ಕುಡಿದು ಬಂದಳು.

"ಇನ್ನಾ ಯಾರೂ ಇಲ್ಲವ್ವಾ," ಎಂದಳು. "ಹುಡುಕಿ ತರ್ತಾರಂತ."